ಕೆಟಲಿನ ಪಾಠ, ಹೂವಿನ ಪಾಠ

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ‘ಹಾರ್ಡ್ ಟೈಮ್ಸ್’ 1854ರಲ್ಲಿ ಹೊರಬಂತು. ಅದರ ಮೊದಲ ಪುಟಗಳಲ್ಲೇ ಒಂದು ಶಾಲೆಯ ಕೊಠಡಿ ಬರುತ್ತದೆ. ಸರ್ಕಸ್ಸಿನ ಕುದುರೆಗಳ ನಡುವೆಯೇ ಬೆಳೆದ ಒಬ್ಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಕುದುರೆಯ ಲಕ್ಷಣ ಹೇಳು ಎಂದು ಕೇಳುತ್ತಾರೆ. ದಿನವೂ ಕುದುರೆಯ ಮೈ ಮುಟ್ಟಿ ಬಲ್ಲ ಆ ಮಗು ತಬ್ಬಿಬ್ಬಾಗಿ ನಿಲ್ಲುತ್ತದೆ. ಬಳಿಕ ಒಬ್ಬ ಹುಡುಗನ ಸರದಿ. ಅವನು ಹಲ್ಲಿನ ಲೆಕ್ಕದಿಂದ ಹಿಡಿದು ಗೊರಸಿನವರೆಗೆ ಗಡಗಡನೆ ಒಪ್ಪಿಸಿ ಕೂರುತ್ತಾನೆ. ಕುದುರೆಯನ್ನು ಬಲ್ಲವನು ಅವನೇ ಎಂದು ಅಲ್ಲಿ ತೀರ್ಮಾನವಾಗುತ್ತದೆ.

ನಾನು ಕನ್ನಡ ಪಂಡಿತ. ವಿಜ್ಞಾನದ ಪಾಠ ನಮ್ಮಲ್ಲಿ ನಡೆಯುವುದು ಪಕ್ಕದ ಕೊಠಡಿಯಲ್ಲಿ. ಆ ಪಾಠದ ಬಗ್ಗೆ ಮಾತನಾಡಲು ನಿನಗೇನು ಅಧಿಕಾರ ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ಡಿಕನ್ಸ್ ತೋರಿಸಿದ ರೋಗ ಮೊದಲು ಹಿಡಿಯುವುದು ಭಾಷೆಯನ್ನೇ. ನಮ್ಮಲ್ಲಿ ‘ಪದಾರ್ಥ’ ಎಂಬ ಸೊಗಸಾದ ಮಾತಿದೆ. ಅದು ಪದದ ಅರ್ಥವೂ ಹೌದು, ಕಣ್ಣಿಗೆ ಕಾಣುವ ವಸ್ತುವೂ ಹೌದು. ವೈಶೇಷಿಕರು ಜಗತ್ತನ್ನೆಲ್ಲ ಪದಾರ್ಥಗಳಾಗಿ ವಿಂಗಡಿಸಿದರು. ಮಂಗಳೂರಿನ ಕಡೆ ಅನ್ನಕ್ಕೆ ಕಲಸಿಕೊಳ್ಳುವ ಮೇಲೋಗರವನ್ನೇ ಪದಾರ್ಥ ಎನ್ನುತ್ತಾರೆ. ಎರಡು ಕಡೆಯೂ ಸಾರಾಂಶ ಒಂದೇ: ಪದದ ಹಿಂದೆ ವಸ್ತು ಇರಬೇಕು. ವಸ್ತುವಿಲ್ಲದ ಪದವನ್ನು ನಮ್ಮ ಹಿರಿಯರು ‘ಪುಸ್ತಕದ ಬದನೆಕಾಯಿ’ ಎಂದು ಕರೆದು ಬದಿಗಿಟ್ಟರು. ಸಾರಿಗೆ ಬಾರದ ಈ ಬದನೆಕಾಯಿ ವಿಜ್ಞಾನದ ಪಾಠದಲ್ಲಿ ಬೆಳೆದಷ್ಟು ಹುಲುಸಾಗಿ ಬೇರೆಲ್ಲೂ ಬೆಳೆಯುವುದಿಲ್ಲ.

ಡಿಕನ್ಸ್ ಇದನ್ನು ಬರೆಯುತ್ತಿದ್ದ ಕಾಲಕ್ಕೇ ಅದೇ ಇಂಗ್ಲೆಂಡಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಪಾಠ ನಡೆಯುತ್ತಿತ್ತು. ಅದು ನಡೆದದ್ದು ದೊಡ್ಡ ಕಾಲೇಜುಗಳಲ್ಲಲ್ಲ, ಕೂಲಿಕಾರರ ಮಕ್ಕಳು ಓದುವ ಹಳ್ಳಿಯ ಇಗರ್ಜಿ ಶಾಲೆಗಳಲ್ಲಿ. ನಡೆಸಿದವರು ಪಾದ್ರಿಗಳು. ಈ ಹೊತ್ತು ಅವರಲ್ಲಿ ಇಬ್ಬರ ವಿಷಯವನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಆ ಕಾಲದಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳು ಬಹುಮಟ್ಟಿಗೆ ಕ್ರೈಸ್ತ ಸಂಸ್ಥೆಗಳ ಕೈಯಲ್ಲಿದ್ದವು. ಆಂಗ್ಲಿಕನ್ ಸಭೆಯವರು 1811ರಲ್ಲಿ ‘ನ್ಯಾಷನಲ್ ಸೊಸೈಟಿ’ ಎಂಬ ಸಂಸ್ಥೆಯನ್ನು ಕಟ್ಟಿ ಊರೂರಿಗೆ ಶಾಲೆ ತೆರೆಯುತ್ತ ಬಂದಿದ್ದರು. ಸರ್ಕಾರ 1833ರಿಂದ ಸ್ವಲ್ಪ ಸ್ವಲ್ಪವಾಗಿ ಸಹಾಯಧನ ಕೊಡತೊಡಗಿತು. 1839ರಿಂದ ಇನ್‌ಸ್ಪೆಕ್ಟರುಗಳನ್ನು ನೇಮಿಸುವ ಏರ್ಪಾಡಾಯಿತು. ಪಾಠವೆಂದರೆ ಸಾಮಾನ್ಯವಾಗಿ ಬೈಬಲ್ಲಿನ ಓದು, ಧರ್ಮದ ಪ್ರಶ್ನೋತ್ತರಮಾಲೆಯ ಬಾಯಿಪಾಠ, ಒಂದಿಷ್ಟು ಬರಹ, ಒಂದಿಷ್ಟು ಲೆಕ್ಕ. ಹೊಲಕ್ಕೆ ಹೋಗುವ ಮಗುವಿಗೆ ಇಷ್ಟು ಸಾಕು ಎಂಬುದು ಬಲ್ಲವರ ಮತವಾಗಿತ್ತು. ‘ಬಲ್ಲವರು’ ಎಂದರೆ ಇಲ್ಲಿ ಉಳ್ಳವರು ಎಂದು ಅರ್ಥಮಾಡಿಕೊಳ್ಳಿ.

ಇಂಥ ಹಿನ್ನೆಲೆಯಲ್ಲಿ ರಿಚರ್ಡ್ ಡಾಸ್ ಎಂಬಾತ ಹ್ಯಾಂಪ್‌ಷೈರಿನ ಕಿಂಗ್ಸ್ ಸಾಂಬರ್ನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದ. ಹುಟ್ಟಿದ್ದು 1793ರಲ್ಲಿ. ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಮೇಲಿನ ದರ್ಜೆಯಲ್ಲಿ ತೇರ್ಗಡೆಯಾದವನು. ಅವನ ಬಾಲ್ಯದ ಗುರುವಿನ ಹೆಸರು ಜಾನ್ ಗಾಫ್. ಈ ಗುರುವಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಾಫ್ ಎಳವೆಯಲ್ಲೇ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡವನು. ಆದರೂ ಗಣಿತ ಕಲಿಸುತ್ತಿದ್ದ, ಗಿಡಮೂಲಿಕೆಗಳನ್ನು ಬೆರಳಿನಿಂದ ಸವರಿ ಇಂಥದ್ದೆಂದು ಗುರುತಿಸುತ್ತಿದ್ದ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ನನೂ ಈತನ ಬಳಿ ಕಲಿತವನೇ. ಕಣ್ಣಿಲ್ಲದ ಗುರುವಿನ ಶಿಷ್ಯ ಮುಂದೆ ಮಕ್ಕಳಿಗೆ ಮುಟ್ಟಿ ನೋಡುವ ಪಾಠವನ್ನು ಹಾಕಿಕೊಟ್ಟದ್ದು ನನಗಂತೂ ಆಕಸ್ಮಿಕವೆಂದು ತೋರುವುದಿಲ್ಲ.

ಡಾಸ್ 1842ರಲ್ಲಿ ತನ್ನ ಹಳ್ಳಿಯಲ್ಲಿ ಶಾಲೆ ತೆರೆದ. ಮೊದಲಿಗೇ ಒಂದು ಉಪಾಯ ಮಾಡಿದ. ಕೂಲಿಕಾರರ ಮಕ್ಕಳಿಗೆ ಕೆಲವೇ ಪೆನ್ನಿಗಳ ಫೀಜು, ಜಮೀನ್ದಾರ ರೈತರ ಮತ್ತು ವರ್ತಕರ ಮಕ್ಕಳಿಗೆ ಹೆಚ್ಚು ಫೀಜು. ಆದರೆ ಕೂರುವ ಬೆಂಚು ಒಂದೇ, ಪಾಠವೂ ಒಂದೇ. ಧರ್ಮಕ್ಕೆ ಕೊಟ್ಟ ವಿದ್ಯೆಗೆ ಜನ ಬೆಲೆ ಕೊಡುವುದಿಲ್ಲ, ಪಾಠ ಚೆನ್ನಾಗಿದ್ದರೆ ಉಳ್ಳವರೂ ದುಡ್ಡು ಕೊಟ್ಟು ಕಳಿಸುತ್ತಾರೆ ಎಂದು ಅವನ ಎಣಿಕೆ. ಎಣಿಕೆ ಸುಳ್ಳಾಗಲಿಲ್ಲ, ಶಾಲೆ ಬೆಳೆಯಿತು.

ಪಾಠ ಯಾವುದು? ಮಕ್ಕಳು ಮನೆಯಲ್ಲಿ, ಹೊಲದಲ್ಲಿ, ಅಪ್ಪ ಅಮ್ಮಂದಿರ ಕೈಯಲ್ಲಿ ದಿನವೂ ಕಾಣುವ ವಸ್ತುಗಳೇ ಪಾಠ. ಒಲೆಯ ಮೇಲಿನ ಕೆಟಲು, ಥರ್ಮಾಮೀಟರು, ಸನ್ನೆಗೋಲು, ಉಡುವ ಬಟ್ಟೆ. ಇದಕ್ಕೆ ‘ಸಾಮಾನ್ಯ ವಸ್ತುಗಳ ವಿಜ್ಞಾನ’ ಎಂದೇ ಹೆಸರು ಬಂತು. 1840ರ ದಶಕದ ಕೊನೆಗೆ ಡಾಸ್ ಉಪಾಧ್ಯಾಯರಿಗಾಗಿ ಸೂಚನೆಗಳ ಒಂದು ಪುಸ್ತಕವನ್ನು ಬರೆದ. ಅದು ಮತ್ತೆ ಮತ್ತೆ ಅಚ್ಚಾಯಿತು. ಅದರ ರೀತಿಯೆಂದರೆ, ಉಪಾಧ್ಯಾಯ ಹೇಳುತ್ತ ಹೋಗುವುದಲ್ಲ, ಕೇಳುತ್ತ ಹೋಗುವುದು. ಮಗು ನೋಡಿ, ಮುಟ್ಟಿ, ಅಳೆದು, ತನ್ನ ಮಾತಿನಲ್ಲಿ ಉತ್ತರ ಹೇಳುವುದು.

ಆ ಕೆಟಲನ್ನೇ ಸ್ವಲ್ಪ ನಮ್ಮ ಮುಂದೆ ಇಟ್ಟುಕೊಳ್ಳೋಣ. ಅದರ ಹಿಡಿಗೆ ಮರ ಏಕೆ? ನೀರು ಕುದಿಯುವಾಗ ಕೊಕ್ಕಿನ ಬಾಯಿಗೆ ತಾಗಿದ ಹಾಗೆ ಏನೂ ಕಾಣುವುದಿಲ್ಲ, ಒಂದಂಗುಲ ಆಚೆ ಹೋದ ಮೇಲೆ ಬೆಳ್ಳನೆಯ ಹೊಗೆಯಂಥದ್ದು ಕಾಣುತ್ತದೆ. ನಡುವಿನ ಆ ಒಂದಂಗುಲದಲ್ಲಿ ಇರುವುದೇನು? ಒಳಗೆ ತಳಕ್ಕೆ ಬಿಳಿಯ ಹಕ್ಕಳೆ ಕಟ್ಟುತ್ತದಲ್ಲ, ಅದು ಎಲ್ಲಿಂದ ಬಂತು? ಕಿಂಗ್ಸ್ ಸಾಂಬರ್ನ್ ಇರುವುದು ಸೀಮೆಸುಣ್ಣದ ನೆಲದ ಮೇಲೆ. ಆ ನೆಲದಲ್ಲಿ ಇಳಿದು ಬಂದ ನೀರಿನಲ್ಲಿ ಸುಣ್ಣ ಕರಗಿರುತ್ತದೆ. ಕಾಸಿದಾಗ ಅದು ಪಾತ್ರೆಯ ತಳಕ್ಕೆ ಇಳಿಯುತ್ತದೆ. ಅಲ್ಲಿಗೆ ಅಡಿಗೆಮನೆಯ ಕೆಟಲು ಮಗುವನ್ನು ಊರಿನ ಭೂಗರ್ಭಕ್ಕೇ ಕೊಂಡುಹೋಯಿತು. ನಮ್ಮ ಕೋಲಾರದ ಕಡೆಯ, ಬೆಂಗಳೂರಿನ ಕೊಳವೆಬಾವಿಯ ನೀರನ್ನು ಕಾಸುವ ಮನೆಗಳಲ್ಲಿ ಈ ಹಕ್ಕಳೆಯನ್ನು ಕೆರೆದು ಕೆರೆದು ಬೇಸತ್ತವರು ನಿಮ್ಮಲ್ಲೂ ಇರಬಹುದು. ಎಷ್ಟು ಮಂದಿ ಮಕ್ಕಳನ್ನು ಕರೆದು ಅದನ್ನು ತೋರಿಸಿದ್ದೀರಿ?

ಇನ್ನೊಂದು ಪ್ರಶ್ನೆ. ಥಳಥಳಿಸುವ ಪಾತ್ರೆಯಲ್ಲಿ ಚಹಾ ಬೇಗ ಆರುತ್ತದೆಯೋ, ಕಪ್ಪು ಪಾತ್ರೆಯಲ್ಲಿ ಬೇಗ ಆರುತ್ತದೆಯೋ? ಇದಕ್ಕೆ ಉತ್ತರವನ್ನು ನಾನು ಹೇಳುವುದಿಲ್ಲ. ಒಂದೇ ಅಳತೆಯ ಎರಡು ಸ್ಟೀಲು ಲೋಟ ತೆಗೆದುಕೊಳ್ಳಿ. ಒಂದರ ಹೊರಮೈಯನ್ನು ಎಣ್ಣೆದೀಪದ ಹೊಗೆಗೆ ಹಿಡಿದು ಸುತ್ತಲೂ ಮಸಿ ಹಿಡಿಸಿ. ಎರಡಕ್ಕೂ ಒಂದೇ ಪಾತ್ರೆಯಿಂದ ಬಿಸಿನೀರು ಸಮನಾಗಿ ಹಾಕಿ, ಮುಚ್ಚಿ, ಗಾಳಿಯಾಡದ ಕಡೆ ಮರದ ಹಲಗೆಯ ಮೇಲೆ ಇಡಿ. ಕಾಲುಗಂಟೆ ಬಿಟ್ಟು ನೋಡಿ. ನೋಡುವ ಮುಂಚೆ ಮನೆಯ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಹೇಳಿಬಿಡಬೇಕು, ಅಜ್ಜಿಯನ್ನೂ ಬಿಡಬೇಡಿ. ಊಹೆ ಹೇಳಿದ ಮೇಲೆ ನೋಡುವ ಕಣ್ಣೇ ಬೇರೆ.

ಪಾದ್ರಿಗೆ ಇದರ ಗೊಡವೆ ಏಕೆ ಬಂತು ಎಂದು ನೀವು ಕೇಳಬಹುದು. ದೇವರು ಬರೆದ ಗ್ರಂಥಗಳು ಎರಡು, ಒಂದು ಬೈಬಲ್ಲು, ಇನ್ನೊಂದು ಸೃಷ್ಟಿ ಎಂಬ ಭಾವನೆ ಆ ಕಾಲದ ಕ್ರೈಸ್ತ ವಿದ್ವಾಂಸರಲ್ಲಿ ಬಲವಾಗಿತ್ತು. ಎರಡನೆಯ ಗ್ರಂಥಕ್ಕೆ ಲಿಪಿಯಿಲ್ಲ. ಅದನ್ನು ಕಣ್ಣು ಕೈಗಳಿಂದಲೇ ಓದಬೇಕು. ಈ ನಂಬಿಕೆಯನ್ನು ನಾವು ಒಪ್ಪಲಿ ಬಿಡಲಿ, ಅದರಿಂದ ಒಂದು ಉಪಕಾರವಾಯಿತು. ಕೂಲಿಕಾರನ ಮಗನಿಗೆ ಮೊದಲ ಗ್ರಂಥವನ್ನು ಓದುವ ಹಕ್ಕು ಇದೆಯೆಂದು ಒಪ್ಪಿದ ಮೇಲೆ ಎರಡನೆಯದನ್ನು ಬಚ್ಚಿಡಲು ನೆಪ ಉಳಿಯಲಿಲ್ಲ.

ಸರ್ಕಾರದ ಇನ್‌ಸ್ಪೆಕ್ಟರನಾಗಿ ಈ ಶಾಲೆಯನ್ನು ನೋಡಿ ಮೆಚ್ಚಿ ವರದಿ ಬರೆದ ಹೆನ್ರಿ ಮೋಸ್ಲಿಯೂ ಪಾದ್ರಿಯೇ, ಜೊತೆಗೆ ಗಣಿತಜ್ಞ. ಧಾತುಗಳಿಗೆ ಪರಮಾಣು ಸಂಖ್ಯೆಯ ಆಧಾರ ತೋರಿಸಿ, 1915ರಲ್ಲಿ ಗಲಿಪೊಲಿ ಯುದ್ಧದಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ಮಡಿದ ವಿಜ್ಞಾನಿ ಮೋಸ್ಲಿ ಇವನ ಮೊಮ್ಮಗ. 1853ರ ಹೊತ್ತಿಗೆ ಲಾರ್ಡ್ ಆಷ್‌ಬರ್ಟನ್ ಎಂಬ ಶ್ರೀಮಂತ, ಸಾಮಾನ್ಯ ವಸ್ತುಗಳ ಪಾಠವನ್ನು ಚೆನ್ನಾಗಿ ಮಾಡುವ ಉಪಾಧ್ಯಾಯರಿಗೆ ಬಹುಮಾನ ಕೊಡುವುದಾಗಿ ಮುಂದೆ ಬಂದ. ಗಾಳಿ ಅನುಕೂಲವಾಗಿ ಬೀಸುತ್ತಿತ್ತು.

ಎರಡನೆಯ ಪಾದ್ರಿ ಜಾನ್ ಸ್ಟೀವನ್ಸ್ ಹೆನ್ಸ್‌ಲೋ. ಈ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ಚಾರ್ಲ್ಸ್ ಡಾರ್ವಿನ್ನನ ಗುರು. 1831ರಲ್ಲಿ ‘ಬೀಗಲ್’ ಹಡಗಿಗೆ ಡಾರ್ವಿನ್ನನ ಹೆಸರನ್ನು ಸೂಚಿಸಿದವನು ಇವನೇ. ಇಷ್ಟು ದೊಡ್ಡ ವಿದ್ವಾಂಸ 1839ರಲ್ಲಿ ಕೇಂಬ್ರಿಜ್ ಬಿಟ್ಟು ಸಫೊಕ್ ಪ್ರಾಂತದ ಹಿಚಮ್ ಎಂಬ ಬಡ ಹಳ್ಳಿಯಲ್ಲಿ ಪಾದ್ರಿಯಾಗಿ ನೆಲೆಸಿದ. ಹೊಲದ ಗೊಬ್ಬರದ ಮೇಲೆ ರೈತರಿಂದಲೇ ಪ್ರಯೋಗ ಮಾಡಿಸಲು ಹೊರಟ. ಕೂಲಿಕಾರರಿಗೆ ಸ್ವಂತ ಬೇಸಾಯಕ್ಕೆ ತುಂಡು ಭೂಮಿ ಕೊಡಿಸಲು ಹೋದಾಗ ಊರಿನ ದೊಡ್ಡ ರೈತರು ತಿರುಗಿಬಿದ್ದರು. ಕೈಯಲ್ಲಿ ತುಂಡು ನೆಲ ಇದ್ದವನು ಕರೆದಾಗ ಕೂಲಿಗೆ ಬರುವನೆ? ಈ ಭಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇರೆ ವೇಷದಲ್ಲಿ ಬರಲಿದೆ.

1850ರ ದಶಕದಲ್ಲಿ ಹೆನ್ಸ್‌ಲೋ ಹಳ್ಳಿಯ ಶಾಲೆಯ ಮಕ್ಕಳಿಗೆ ಸೋಮವಾರದ ಮಧ್ಯಾಹ್ನ ಸಸ್ಯಪಾಠ ಇಟ್ಟುಕೊಂಡ. ಕಡ್ಡಾಯವಲ್ಲ, ಬಯಸಿದವರು ಬರಬಹುದು. ಆದರೆ ಸೇರಬೇಕಾದರೆ ಒಂದು ಷರತ್ತು: ‘ಆಂಜಿಯೊಸ್ಪರ್ಮ್’, ‘ಡೈಕಾಟಿಲೆಡನ್’ ಜಾತಿಯ ಕೆಲವು ಉದ್ದುದ್ದ ಮಾತುಗಳನ್ನು ತಪ್ಪಿಲ್ಲದೆ ಬರೆಯಲು ಕಲಿತಿರಬೇಕು. ಇದನ್ನು ಓದಿದಾಗ ನನಗೆ ಮೊದಲು ಆಶ್ಚರ್ಯವಾಯಿತು, ಇದೇನು ಮತ್ತೆ ಬಾಯಿಪಾಠಕ್ಕೇ ಬಂದನಲ್ಲ ಎಂದು. ಆದರೆ ಅವನ ಕ್ರಮವನ್ನು ಪೂರ್ತಿ ನೋಡಿದರೆ ಹಾಗಲ್ಲ. ಮಾತು ಕಲಿತ ಮಗು ಅಲ್ಲಿಗೇ ನಿಲ್ಲುವಂತಿಲ್ಲ. ಬೇಲಿಯ ಸಾಲಿನಿಂದ ಹೂ ತರಬೇಕು, ತನ್ನ ಕೈಯಿಂದಲೇ ಬಿಡಿಸಬೇಕು, ಒಂದೊಂದು ಭಾಗವನ್ನೂ ಎಣಿಸಿ ಒಂದು ಪಟ್ಟಿಯಲ್ಲಿ ತುಂಬಬೇಕು. ಪಟ್ಟಿಯಲ್ಲಿ ಅಂಕಣಗಳು ಕೆಲವೇ: ಭಾಗ ಯಾವುದು, ಎಷ್ಟಿವೆ, ತಮ್ಮತಮ್ಮಲ್ಲಿ ಕೂಡಿಕೊಂಡಿವೆಯೆ ಬಿಡಿಯಾಗಿವೆಯೆ, ಬೇರೆ ಭಾಗಕ್ಕೆ ಅಂಟಿಕೊಂಡಿವೆಯೆ ಇಲ್ಲವೆ. ಇಷ್ಟನ್ನು ನಿಜವಾಗಿ ನೋಡಿ ತುಂಬಿದರೆ ಆ ಗಿಡ ಯಾವ ಕುಟುಂಬದ್ದೆಂದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ನಮ್ಮ ಮನೆಯಂಗಳದ ದಾಸವಾಳವನ್ನು ತೆಗೆದುಕೊಳ್ಳಿ. ಒಂಟಿ ದಳದ ಕೆಂಪು ದಾಸವಾಳವೇ ಆಗಬೇಕು. ಸುತ್ತುದಾಸವಾಳ ಲೆಕ್ಕ ಕೆಡಿಸುತ್ತದೆ. ಹಸುರು ಬಟ್ಟಲಿನ ಐದು ಹಲ್ಲುಗಳು ಬುಡದಲ್ಲಿ ಕೂಡಿವೆ. ಅದರ ಕೆಳಗೆ ಇನ್ನೊಂದು ಸುತ್ತು ಕಿರುಎಸಳು, ಅದನ್ನು ಗಮನಿಸದವರೇ ಹೆಚ್ಚು. ದಳ ಐದು. ಕೇಸರಗಳು ಹಲವು, ಆದರೆ ಬಿಡಿಬಿಡಿಯಾಗಿಲ್ಲ, ಎಲ್ಲ ಕೂಡಿ ಒಂದು ಕೊಳವೆಯಾಗಿವೆ. ಆ ಕೊಳವೆಯನ್ನು ಉಗುರಿನಿಂದ ಮೆಲ್ಲಗೆ ಸೀಳಿದರೆ ಒಳಗೆ ದಾರದಂತೆ ಶಲಾಕೆ ಹಾದುಹೋಗಿ ತುದಿಯಲ್ಲಿ ಐದು ಗುಂಡುಗಳಾಗಿ ಒಡೆದಿದೆ. ಬಳಿಕ ಬೆಂಡೆಯ ಹೂವನ್ನು ತಂದು ಬಿಡಿಸಿ, ಹತ್ತಿಯ ಹೂ ಸಿಕ್ಕರೆ ಅದನ್ನೂ ಬಿಡಿಸಿ. ಅದೇ ಕೊಳವೆ. ದಾಸವಾಳ, ಬೆಂಡೆ, ಹತ್ತಿ ಮೂರೂ ಒಂದೇ ಮನೆತನದವೆಂದು ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಕ್ಕಳು ಹೂವಿನ ಭಾಗಗಳ ಚಿತ್ರವನ್ನು ನೋಟುಬುಕ್ಕಿನಲ್ಲಿ ಬಣ್ಣ ಹಚ್ಚಿ ಬರೆಯುತ್ತಾರೆ, ಪೂರ್ಣ ಅಂಕವನ್ನೂ ಪಡೆಯುತ್ತಾರೆ. ಶಾಲೆಯ ಬೇಲಿಯಲ್ಲಿ ದಾಸವಾಳ ಅರಳಿ ಬಾಡಿರುತ್ತದೆ.

ಉದ್ದದ ಶಾಸ್ತ್ರಪದಗಳು ಮಕ್ಕಳಿಗೆ ಭಾರವಾಗುತ್ತವೆ ಎಂಬ ದೂರನ್ನು ನಮ್ಮ ಕನ್ನಡ ಪಾರಿಭಾಷಿಕಗಳ ಬಗ್ಗೆಯೂ ಹೇಳುತ್ತಾರೆ. ಪಂಡಿತನಾದ ನನಗೆ ಈ ದೂರು ನಾಟುತ್ತದೆ. ‘ದ್ವಿದಳ ಬೀಜ’ ಎಂದಾಗ ಮಗು ಕಣ್ಣು ಪಿಳಿಪಿಳಿ ಬಿಡುವುದು ನಿಜ. ಆದರೆ ಅವರೆಕಾಯಿ ಕಾಲದಲ್ಲಿ ಹಿತಕಬೇಳೆಗೆ ಕಾಳು ನೆನೆಹಾಕಿದಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿತಕಿದರೆ ಸಿಪ್ಪೆಯಿಂದ ಜಾರಿಬರುವ ಬೇಳೆ ಎರಡು ಹೋಳು; ಎರಡರ ನಡುವೆ ಒಂದು ಕಡೆ ಅಂಟಿಕೊಂಡ ಪುಟ್ಟ ಮೊಳಕೆ. ‘ದ್ವಿ’ ಎಂದರೇನು, ‘ದಳ’ ಎಂದರೇನು ಎಂದು ಆಮೇಲೆ ಕೇಳಿ ನೋಡಿ. ಪದ ಕಠಿನವೆಂದು ನಾವು ಹೇಳುವಾಗ ಬಹಳ ಸಲ ವಸ್ತು ಕೈಗೆ ಸಿಕ್ಕಿಲ್ಲವೆಂದಷ್ಟೇ ಅರ್ಥ. ಹಿಚಮ್ಮಿನ ಕೂಲಿಕಾರರ ಮಕ್ಕಳು ಲ್ಯಾಟಿನ್ ಗ್ರೀಕ್ ಮೂಲದ ಮಾತುಗಳನ್ನು ಲೀಲಾಜಾಲವಾಗಿ ಬಳಸುತ್ತಿದ್ದರಂತೆ. ಅವರನ್ನೆಲ್ಲ ಸಸ್ಯಶಾಸ್ತ್ರಜ್ಞರನ್ನಾಗಿ ಮಾಡುವುದು ಹೆನ್ಸ್‌ಲೋನ ಉದ್ದೇಶವಾಗಿರಲಿಲ್ಲ. ನೋಡಿದ್ದನ್ನು ನೋಡಿದಂತೆ ಹೇಳಲು, ಹೇಳುವ ಮುಂಚೆ ಇನ್ನೊಮ್ಮೆ ನೋಡಲು ಕಲಿಯಲಿ ಎಂದಷ್ಟೇ ಅವನ ಆಸೆ.

ಈ ಪಟ್ಟಿ ನಮ್ಮ ದೇಶಕ್ಕೂ ಬಂತು. ಹೆನ್ಸ್‌ಲೋ 1861ರಲ್ಲಿ ತೀರಿಕೊಂಡ ಮೇಲೆ, ಅವನು ಬಿಟ್ಟುಹೋಗಿದ್ದ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಂಡು ಡೇನಿಯಲ್ ಆಲಿವರ್ ಎಂಬ ವಿದ್ವಾಂಸ 1864ರಲ್ಲಿ ಸಸ್ಯಶಾಸ್ತ್ರದ ಮೊದಲ ಪಾಠಗಳ ಪುಸ್ತಕವನ್ನು ಪ್ರಕಟಿಸಿದ. ಐದು ವರ್ಷದ ಬಳಿಕ, 1869ರಲ್ಲಿ, ಭಾರತದ ಗಿಡಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇಲ್ಲಿನ ವಿದ್ಯಾರ್ಥಿಗಳಿಗಾಗಿ ಇನ್ನೊಂದನ್ನು ಬರೆದ. ಆದರೆ ಸಫೊಕ್ಕಿನ ಬೇಲಿಯ ಬದಿಯಲ್ಲಿ ಹುಟ್ಟಿದ ಕ್ರಮ ಇಲ್ಲಿ ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಬರಲಿಲ್ಲ. ಇಂಗ್ಲಿಷ್ ಬಲ್ಲ ಮೇಲಿನ ತರಗತಿಗಳ ಪುಸ್ತಕವಾಯಿತು.

ಈಗ ಕಥೆಯ ಕಹಿ ಭಾಗಕ್ಕೆ ಬರೋಣ. 1860ರಲ್ಲಿ ಲಾರ್ಡ್ ರಾಟ್ಸ್‌ಲಿ ಎಂಬಾತ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷನಾಗಿದ್ದ. ಸ್ವತಃ ಖಗೋಳಜ್ಞ, ವಿಜ್ಞಾನಕ್ಕೆ ಶತ್ರುವಲ್ಲ. ಇಂಥ ಬಡಮಕ್ಕಳ ಶಾಲೆಯೊಂದರಲ್ಲಿ ತಾನು ಕಂಡದ್ದನ್ನು ಅವನು ಆ ವರ್ಷ ಬರೆದ. ಪ್ರಶ್ನೆ ಕೇಳಿದಾಗ ಉತ್ತರ ಹೇಳಲು ಒಬ್ಬ ಹುಡುಗ ಮುಂದೆ ಬಂದ. ಕಾಲು ಕುಂಟು, ಬೆನ್ನು ಗೂನು, ಮುಖ ಬಿಳಿಚಿಕೊಂಡಿತ್ತು. ಹೊಟ್ಟೆಗಿಲ್ಲದ ಬಡತನ ಮುಖದಲ್ಲೇ ಬರೆದಿತ್ತು. ಆ ಹುಡುಗ ಎಷ್ಟು ತಿಳಿಯಾಗಿ, ಎಷ್ಟು ಅರ್ಥವತ್ತಾಗಿ ಉತ್ತರ ಹೇಳಿದನೆಂದರೆ ನೆರೆದವರಿಗೆ ಮೆಚ್ಚುಗೆಯೂ ನಾಚಿಕೆಯೂ ಒಟ್ಟಿಗೇ ಆದವು. ತಮ್ಮಂಥ ಮೇಲಿನವರ ಮಕ್ಕಳಿಗೆ ಇಷ್ಟು ತಿಳಿಯದಲ್ಲ ಎಂದು ನಾಚಿಕೆ. ಇದರಿಂದ ಆ ಪ್ರಭು ತೆಗೆದ ತೀರ್ಮಾನ ಏನಿರಬಹುದು ಹೇಳಿ? ಮೇಲಿನವರಿಗೂ ಈ ಪಾಠ ಸಿಗಬೇಕು ಎಂಬಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕೆಳಗಿನವರು ಬುದ್ಧಿಯ ಸಂಪಾದನೆಯಲ್ಲಿ ಮೇಲಿನವರನ್ನು ಮೀರುವಂಥ ಸಮಾಜ ಆರೋಗ್ಯವಾದುದಲ್ಲ, ಕೆಟ್ಟದ್ದು ಎಂದು ಅವನು ಬರೆದ. ಹಿಚಮ್ಮಿನ ದೊಡ್ಡ ರೈತರಿಗೆ ತುಂಡು ಭೂಮಿ ಕಂಡು ಆದ ಭಯವೇ ಇಲ್ಲಿ ಇನ್ನೂ ನಯವಾದ ಮಾತಿನಲ್ಲಿ ಬಂದಿದೆ.

ಎರಡು ವರ್ಷಕ್ಕೆ, 1862ರಲ್ಲಿ, ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬ ಮುತ್ಸದ್ದಿ ಪರಿಷ್ಕೃತ ಸಂಹಿತೆಯನ್ನು ಜಾರಿಗೆ ತಂದ. ಇನ್ನು ಮುಂದೆ ಶಾಲೆಗೆ ಸಹಾಯಧನ ಫಲಿತಾಂಶದ ಮೇಲೆ. ಮಗುವಿನ ಹಾಜರಿಗೆ ವರ್ಷಕ್ಕೆ 4 ಷಿಲಿಂಗು. ಓದು, ಬರಹ, ಲೆಕ್ಕ ಈ ಮೂರರಲ್ಲಿ ಇನ್‌ಸ್ಪೆಕ್ಟರನ ಮುಂದೆ ತೇರ್ಗಡೆಯಾದರೆ ಒಂದೊಂದಕ್ಕೆ 2 ಷಿಲಿಂಗು 8 ಪೆನ್ನಿ. ಮೂರಕ್ಕೆ 8 ಷಿಲಿಂಗು. ಒಟ್ಟು 12. ಕೆಟಲಿಗೆ ಎಷ್ಟು? ಸೊನ್ನೆ. ಹೂವಿಗೆ? ಸೊನ್ನೆ.

ಲೋನ ಪಕ್ಷದ ಮಾತನ್ನೂ ಹೇಳಬೇಕು. ಅದರ ಹಿಂದಿನ ವರ್ಷ ಬಂದ ನ್ಯೂಕ್ಯಾಸಲ್ ಆಯೋಗದ ವರದಿ, ಎಷ್ಟೋ ಮಕ್ಕಳು ನೆಟ್ಟಗೆ ಓದಲೂ ಕಲಿಯದೆ ಶಾಲೆ ಬಿಡುತ್ತಾರೆ ಎಂದಿತ್ತು. ಸರ್ಕಾರದ ಖರ್ಚು ಏರುತ್ತಲೂ ಇತ್ತು. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಅನ್ಯಾಯವಲ್ಲ. ಆದರೆ ಯಾವುದನ್ನು ಎಣಿಸಲು ಸುಲಭವೋ ಅದಕ್ಕೆ ಮಾತ್ರ ಕಾಸು ಎಂದರೆ ಉಪಾಧ್ಯಾಯ ಏನು ಮಾಡಿಯಾನು? ಅವನ ಸಂಬಳ ಆ 2 ಷಿಲಿಂಗು 8 ಪೆನ್ನಿಯಲ್ಲಿದೆ. ಸಾಮಾನ್ಯ ವಸ್ತುಗಳ ಪಾಠ ಕೆಲವೇ ವರ್ಷಗಳಲ್ಲಿ ಬಡಮಕ್ಕಳ ಶಾಲೆಗಳಿಂದ ಬಹುಮಟ್ಟಿಗೆ ಮಾಯವಾಯಿತು. ಕವಿ ಮ್ಯಾಥ್ಯೂ ಆರ್ನಲ್ಡ್ ಆಗ ಶಾಲೆಗಳ ಇನ್‌ಸ್ಪೆಕ್ಟರು. ಅವನು ಈ ಸಂಹಿತೆಯನ್ನು ಬಹಿರಂಗವಾಗಿಯೇ ವಿರೋಧಿಸಿದ. ಓದಿನ ಪರೀಕ್ಷೆಗೆಂದು ಮಕ್ಕಳಿಗೆ ಓದುವ ಪುಸ್ತಕವನ್ನೇ ಉರು ಹೊಡೆಸುವ ಚಾಳಿ ಬರುತ್ತದೆ, ಬೋಧನೆ ಯಾಂತ್ರಿಕವಾಗುತ್ತದೆ ಎಂದು ಹೇಳಿದ. ಫಲಿತಾಂಶಕ್ಕೆ ಕಾಸು ಎಂಬ ಆ ಕ್ರಮ ಹೋಗಲು 1890ರ ದಶಕ ಬರಬೇಕಾಯಿತು.

ಭಯದಿಂದ ಹೀಗಾಯಿತೋ ಬರಿಯ ಜಿಪುಣತನದಿಂದಲೋ ಎಂದು ಚರಿತ್ರಕಾರರು ಚರ್ಚಿಸುತ್ತಾರೆ. ನನ್ನ ಎಣಿಕೆಯಲ್ಲಿ ಅವೆರಡೂ ಒಂದಕ್ಕೊಂದು ನೆರವಾದವು. ನನ್ನನ್ನು ಕಾಡುವ ಸಂಗತಿ ಬೇರೆ. ಮಕ್ಕಳಿಗೆ ತಿಳಿಯಲಿಲ್ಲ ಎಂಬ ಕಾರಣಕ್ಕೆ ಆ ಪಾಠ ನಿಲ್ಲಲಿಲ್ಲ. ಉತ್ತರ ಹೇಳಿದ ಆ ಗೂನುಬೆನ್ನಿನ ಹುಡುಗ ಮುಂದೆ ಏನಾದನೋ. ಡಾಸ್ 1850ರಲ್ಲೇ ಹೆರಿಫರ್ಡಿನ ದೊಡ್ಡ ಇಗರ್ಜಿಗೆ ಮುಖ್ಯಸ್ಥನಾಗಿ ಹೋಗಿದ್ದ; ಹೊಸ ಸಂಹಿತೆ ಬಂದು ಐದು ವರ್ಷಕ್ಕೆ, 1867ರಲ್ಲಿ ತೀರಿಕೊಂಡ.

ಆ ಲೆಕ್ಕದ ಪುಸ್ತಕವೂ ಸಮುದ್ರ ದಾಟಿ ಬಂತು. ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಕ್ರಮ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದರಾಸಿಗೆ, ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿಗೆ ಸೇರಿದ್ದವೆಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ನಮ್ಮಜ್ಜಂದಿರ ಕಾಲದ ಕಥೆಗಳಲ್ಲಿ ಇನ್‌ಸ್ಪೆಕ್ಟರು ಬರುವ ದಿನ ಮಾಸ್ತರರಿಗೆ ಜ್ವರ ಬರುತ್ತಿದ್ದುದು ಸುಮ್ಮನೆ ಅಲ್ಲ.

ಸ್ವತಂತ್ರ ಭಾರತದ ಒಂದು ಪ್ರಸಂಗವನ್ನೂ ಇದರ ಪಕ್ಕದಲ್ಲೇ ಇಡಬೇಕು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ಬಹಳ ಹಿಂದಿನಿಂದ ನೆಲೆಸಿದ್ದರು. ಅಲ್ಲಿನ ರಸೂಲಿಯಾ ಎಂಬಲ್ಲಿ ಅವರ ಗ್ರಾಮಸೇವಾ ಕೇಂದ್ರವಿತ್ತು. ಆ ಕೇಂದ್ರವೂ ‘ಕಿಶೋರ್ ಭಾರತಿ’ ಎಂಬ ಸಂಸ್ಥೆಯೂ ಸೇರಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಮಾಡಿ ಕಲಿಯುವ ವಿಜ್ಞಾನದ ಪಾಠವನ್ನು ಪ್ರಾರಂಭಿಸಿದವು. ಇಲ್ಲಿ ಮತಬೋಧೆಯ ಸೋಂಕಿರಲಿಲ್ಲ. ಸರ್ಕಾರಿ ಶಾಲೆಯ ಹಳ್ಳಿಮಕ್ಕಳು, ಹಿಂದಿ ಭಾಷೆ, ಅಗ್ಗದ ಸಾಮಾನುಗಳ ಪೆಟ್ಟಿಗೆ. ನಾಲ್ಕು ನಾಲ್ಕು ಮಕ್ಕಳ ಗುಂಪು ಪ್ರಯೋಗ ಮಾಡುವುದು, ಹೊಲಕ್ಕೆ ಹೋಗಿ ನೋಡುವುದು, ಕಂಡದ್ದನ್ನು ತಾವೇ ಬರೆಯುವುದು. ‘ಬಾಲ ವೈಜ್ಞಾನಿಕ’ ಎಂಬ ಪುಸ್ತಕದಲ್ಲಿ ಉತ್ತರಕ್ಕಿಂತ ಪ್ರಶ್ನೆಗಳೇ ಹೆಚ್ಚು. ಡಾಸನ ಕಾಲದವರಿಗೆ ಹೊಳೆಯದ ಒಂದು ಕೆಲಸವನ್ನು ಇವರು ಮಾಡಿದರು: ಪರೀಕ್ಷೆಯನ್ನೇ ಬದಲಾಯಿಸಿದರು. ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದು; ಜೊತೆಗೆ ಕೈಯಿಂದ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಇದಕ್ಕಾಗಿಯೇ ‘ಏಕಲವ್ಯ’ ಎಂಬ ಸಂಸ್ಥೆ ಹುಟ್ಟಿತು. ಮೂವತ್ತು ವರ್ಷ ನಡೆದ ಮೇಲೆ, 2002ರಲ್ಲಿ, ರಾಜ್ಯ ಸರ್ಕಾರ ಆಜ್ಞೆ ಹೊರಡಿಸಿ ಅದನ್ನು ನಿಲ್ಲಿಸಿತು. ರಾಜ್ಯದ ಉಳಿದ ಶಾಲೆಗಳಂತೆ ಈ ಶಾಲೆಗಳೂ ಮಾಮೂಲು ಪಠ್ಯಪುಸ್ತಕಕ್ಕೆ ಮರಳಿದವು.

ಇಂಗ್ಲೆಂಡಿನಲ್ಲಿ ಲೆಕ್ಕದ ಪುಸ್ತಕ ಇಪ್ಪತ್ತು ವರ್ಷಕ್ಕೆ ಮಾಡಿದ್ದನ್ನು ಇಲ್ಲಿ ಮೂವತ್ತು ವರ್ಷಕ್ಕೆ ಒಂದು ಆಜ್ಞೆ ಮಾಡಿತು. ಈ ನಡುವೆ ಹೋಶಂಗಾಬಾದಿನ ಉಪಾಧ್ಯಾಯರಲ್ಲಿ ಎಷ್ಟೋ ಮಂದಿ ಮಕ್ಕಳ ಪ್ರಶ್ನೆಗೆ ‘ನನಗೂ ತಿಳಿಯದು, ನೋಡೋಣ ಬಾ’ ಎನ್ನಲು ಕಲಿತಿದ್ದರು. ನಮ್ಮ ವೃತ್ತಿಯಲ್ಲಿ ಈ ಮಾತು ಬಾಯಿಂದ ಹೊರಡುವುದು ಎಷ್ಟು ಕಷ್ಟವೆಂದು ನನ್ನಂತೆ ಸೀಮೆಸುಣ್ಣ ಹಿಡಿದವರಿಗೆ ಗೊತ್ತು.

ಆ ಎರಡು ಲೋಟಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಬಿಸಿನೀರಿಗೆ ಅದ್ದಬೇಡಿ. ಅದು ಸುಮಾರು 42 ಡಿಗ್ರಿಯವರೆಗಿನ ಲೆಕ್ಕಕ್ಕೆ ಮಾಡಿದ್ದು, ಗಾಜಿನದಾದರೆ ಒಡೆದುಹೋಗುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿರುವಂಥ, 100 ಡಿಗ್ರಿಯವರೆಗೆ ಗುರುತಿರುವ ಥರ್ಮಾಮೀಟರು ಸಿಕ್ಕರೆ ಉತ್ತಮ. ಸಿಗದಿದ್ದರೆ ನೀರು ಬೆರಳು ತಡೆಯುವಷ್ಟು ಆರಲು ಬಿಟ್ಟು, ಎರಡು ಕೈಯ ತೋರುಬೆರಳುಗಳನ್ನು ಒಂದೊಂದು ಲೋಟಕ್ಕೆ ಒಟ್ಟಿಗೇ ಅದ್ದಿ ನೋಡಿ. ಆಮೇಲೆ ಕೈ ಅದಲುಬದಲು ಮಾಡಿ ಇನ್ನೊಮ್ಮೆ ನೋಡಬೇಕು. ಎಡಗೈಗೂ ಬಲಗೈಗೂ ಬಿಸಿ ಒಂದೇ ತೆರನಾಗಿ ತಿಳಿಯುತ್ತದೆಂದು ಹೇಳಲಾಗದು.